ಊರಿನ ಆಟಕ್ಕೆ, ಕುಣಿತಕ್ಕೆ ಪಂಚಾಯಿತಿಯ ನೆರವು ಪಡೆಯುವುದು ಹೇಗೆ: ಚಿಕ್ಕಮಗಳೂರು ಜಿಲ್ಲೆಯ ಸಂಘಗಳಿಗೊಂದು ಕೈಪಿಡಿ

ನಮ್ಮ ಸಂಘದ ಮೊದಲ ಅರ್ಜಿ ನಾಲ್ಕೇ ಸಾಲಿನದು. ‘ನಮ್ಮ ಊರಿನ ಯುವಕರಿಗೆ ಆಟವಾಡಲು ಯಾವ ವ್ಯವಸ್ಥೆಯೂ ಇರುವುದಿಲ್ಲ. ತಾವು ದಯಮಾಡಿ ಸಹಾಯ ಮಾಡಬೇಕಾಗಿ ಪ್ರಾರ್ಥನೆ’ ಎಂದು ಬರೆದು, ಹನ್ನೊಂದು ಜನ ಸಹಿ ಹಾಕಿ, ಪಂಚಾಯಿತಿ ಕಚೇರಿಯಲ್ಲಿ ಎದುರಿಗೆ ಸಿಕ್ಕವರ ಕೈಗೆ ಕೊಟ್ಟು ಬಂದೆವು. ಸ್ವೀಕೃತಿ ಪಡೆಯಬೇಕೆಂಬುದು ಯಾರಿಗೂ ಹೊಳೆಯಲಿಲ್ಲ. ಎಂಟು ತಿಂಗಳು ಬಿಟ್ಟು ಹೋಗಿ ವಿಚಾರಿಸಿದರೆ ಅಂಥದ್ದೊಂದು ಅರ್ಜಿ ಬಂದ ಗುರುತೇ ಇರಲಿಲ್ಲ. ಅಷ್ಟರಲ್ಲಿ ಆ ವರ್ಷದ ಕ್ರಿಯಾ ಯೋಜನೆ, ಅಂದರೆ ಪಂಚಾಯಿತಿ ಮಾಡುವ ಕೆಲಸಗಳ ಪಟ್ಟಿ, ಮುಗಿದುಹೋಗಿತ್ತು. ಹುಡುಗರು ಇನ್ನೊಂದು ಬೇಸಿಗೆಯನ್ನೂ ರಸ್ತೆಯಲ್ಲೇ ವಾಲಿಬಾಲ್ ಆಡಿ ಕಳೆದರು. ಕಾಫಿ ಚೀಲ ತುಂಬಿದ ಲಾರಿ ತಿರುವಿನಲ್ಲಿ ಹಾರ್ನ್ ಮಾಡಿದ ಕೂಡಲೇ ಒಂದು ಕಡೆಯ ನೆಟ್ ಬಿಚ್ಚುವುದು, ಲಾರಿ ದಾಟಿದ ಮೇಲೆ ಮತ್ತೆ ಕಟ್ಟುವುದು.

ಅದಾದ ಮೇಲೆ ಹಲವು ವರ್ಷ ಕಚೇರಿಗಳಿಗೆ ಅಲೆದು ನಾನು ಕಲಿತದ್ದು ಒಂದೇ. ಪಂಚಾಯಿತಿಗೆ ಎಷ್ಟೇ ಮನಸ್ಸಿದ್ದರೂ ಪುಸ್ತಕದಲ್ಲಿ ಇಲ್ಲದ ಕೆಲಸಕ್ಕೆ ಅದು ಒಂದು ರೂಪಾಯಿ ಖರ್ಚು ಮಾಡುವಂತಿಲ್ಲ. ಹಾಗಾಗಿ ಹಣ ಕೇಳುವ ಮೊದಲು ನಿಮ್ಮ ಜಾಗ, ನಿಮ್ಮ ಸಂಘ, ನಿಮ್ಮ ಬೇಡಿಕೆ ಮೂರೂ ದಾಖಲೆಯಲ್ಲಿ ಕೂರಬೇಕು. ಇದನ್ನು ಮಾಡುವುದು ಹೇಗೆ ಎಂದು ಹಂತ ಹಂತವಾಗಿ ಬರೆಯುತ್ತಿದ್ದೇನೆ. ಮೂಡಿಗೆರೆ, ಕೊಪ್ಪದ ಮಲೆನಾಡಿಗೂ ಕಡೂರು, ತರೀಕೆರೆಯ ಬಯಲುಸೀಮೆಗೂ ಬೇರೆ ಬೇರೆ ತೊಡಕುಗಳಿವೆ. ಅವನ್ನು ಆಯಾ ಕಡೆ ಹೇಳುತ್ತೇನೆ.

ಕೇಳುವುದಕ್ಕೆ ಆಧಾರ ಏನು

ನಾವು ಭಿಕ್ಷೆ ಕೇಳುತ್ತಿಲ್ಲ ಎಂಬುದು ಮೊದಲು ನಮಗೇ ಗಟ್ಟಿಯಾಗಬೇಕು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು 11ನೇ ಅನುಸೂಚಿಯಲ್ಲಿ ಪಟ್ಟಿ ಮಾಡಿದೆ. ಅದರಲ್ಲಿ 20ನೆಯದು ಗ್ರಂಥಾಲಯ, 21ನೆಯದು ಸಾಂಸ್ಕೃತಿಕ ಚಟುವಟಿಕೆ, 29ನೆಯದು ಸಮುದಾಯದ ಆಸ್ತಿಗಳ ನಿರ್ವಹಣೆ. ಪಟ್ಟಣಗಳಿಗೆ ಸಂಬಂಧಿಸಿದ್ದು 74ನೇ ತಿದ್ದುಪಡಿ ಮತ್ತು 12ನೇ ಅನುಸೂಚಿ. ಅಲ್ಲಿ ಉದ್ಯಾನ, ಆಟದ ಮೈದಾನ ಒಂದು ವಿಷಯ. ಸಾಂಸ್ಕೃತಿಕ, ಶೈಕ್ಷಣಿಕ ಅಂಶಗಳ ಪ್ರೋತ್ಸಾಹ ಇನ್ನೊಂದು.

ಒಂದು ಸೂಕ್ಷ್ಮ ಗಮನಿಸಿ. ಹಳ್ಳಿಗಳ ಪಟ್ಟಿಯಲ್ಲಿ ‘ಕ್ರೀಡೆ’ ಎಂಬ ಶಬ್ದ ಪ್ರತ್ಯೇಕವಾಗಿ ಇಲ್ಲ. ಅದಕ್ಕೇ ಬರೀ ‘ಕ್ರಿಕೆಟ್ ಟೂರ್ನಿಗೆ ಹಣ ಕೊಡಿ’ ಎಂದರೆ ಲೆಕ್ಕಪರಿಶೋಧನೆಯ ಭಯದಿಂದ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹಿಂಜರಿಯುತ್ತಾರೆ. ‘ಊರಿನ ಮೈದಾನ ಸಮುದಾಯದ ಆಸ್ತಿ, ಅದನ್ನು ಅಭಿವೃದ್ಧಿಪಡಿಸಿ ನಿರ್ವಹಿಸಿ’ ಎಂದರೆ ಅದೇ ಪಿಡಿಒಗೆ ಕಾಲೂರಲು ನೆಲ ಸಿಗುತ್ತದೆ. ಹಾಗಾಗಿ ಟೂರ್ನಿಗೆ ಬೇಡಿಕೆ ಇಡಬೇಡಿ, ಜಾಗಕ್ಕೆ ಇಡಿ. ಟೂರ್ನಿ ಒಂದು ದಿನಕ್ಕೆ ಮುಗಿಯುತ್ತದೆ.

ಮೊದಲ ಹೆಜ್ಜೆ: ಜಾಗ ಯಾರದು ಎಂದು ನೋಡಿ

ಹೆಚ್ಚಿನ ಸಂಘಗಳು ಮುಗ್ಗರಿಸುವುದು ಇಲ್ಲೇ, ಆದ್ದರಿಂದ ಇದಕ್ಕೆ ಸಮಯ ಕೊಡಿ. ‘ಅಜ್ಜನ ಕಾಲದಿಂದ ನಾವು ಅಲ್ಲೇ ಆಡ್ತಿದೀವಿ’ ಎನ್ನುವುದು ಕಚೇರಿಯಲ್ಲಿ ನಡೆಯುವುದಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಮೊಬೈಲ್‌ನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ನೀವು ಆಡುವ ಜಾಗದ ನಡುವೆ ಹೋಗಿ ನಿಲ್ಲಿ. ನೀವು ನಿಂತ ನೆಲದ ಸರ್ವೆ ನಂಬರ್ ಅದರಲ್ಲಿ ಕಾಣುತ್ತದೆ. ಅಲ್ಲಿಗೇ ನಿಲ್ಲಿಸದೆ ನಾಲ್ಕೂ ಮೂಲೆಗೆ ನಡೆದು ನೋಡಿ. ಹಾಗೆ ನಡೆದಾಗ ನಮ್ಮ ವಾಲಿಬಾಲ್ ಅಂಕಣದ ಪೂರ್ವದ ಮೂಲೆ ಪಕ್ಕದ ತೋಟದ ಸರ್ವೆ ನಂಬರಿನೊಳಗೆ ಹೋಗಿತ್ತು. ಮೊಬೈಲಿನ ನಕ್ಷೆಯಲ್ಲಿ ಕೆಲವು ಅಡಿ ಆಚೀಚೆ ಆಗುವುದುಂಟು, ಅದನ್ನೇ ಅಂತಿಮ ಎಂದುಕೊಳ್ಳಬೇಡಿ. ಆದರೂ ಎಲ್ಲಿ ಜಗಳ ಹುಟ್ಟಬಹುದು ಎಂದು ಮೊದಲೇ ಗೊತ್ತಾಗುತ್ತದೆ. ನಾವು ಅಂಕಣವನ್ನೇ ಹತ್ತು ಅಡಿ ಪಶ್ಚಿಮಕ್ಕೆ ಸರಿಸಿದೆವು. ತೋಟದವರು ಮುಂದೆ ಬೇಲಿ ಹಾಕಿದಾಗ ನಮಗೂ ಅವರಿಗೂ ಒಂದು ಮಾತೂ ಬರಲಿಲ್ಲ.

ಸರ್ವೆ ನಂಬರ್ ಸಿಕ್ಕ ಮೇಲೆ ನಾಡಕಚೇರಿಯಿಂದಲೋ ಆನ್‌ಲೈನ್‌ನಲ್ಲೋ ಪಹಣಿ ತೆಗೆಸಿ. 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ನೇ ಕಾಲಂನಲ್ಲಿ ಯಾವ ಹಕ್ಕು, ಋಣ ನಮೂದಾಗಿದೆ ಎಂದು ಓದಿ. ಮುಂದಿನ ದಾರಿ ಅದರ ಮೇಲೆ ನಿಂತಿದೆ.

ಪಂಚಾಯಿತಿಯ ಅಥವಾ ಗ್ರಾಮಠಾಣಾ ಜಾಗವಾದರೆ ದಾರಿ ಸಲೀಸು, ಪಂಚಾಯಿತಿಯ ಠರಾವು ಸಾಕು. ಸರ್ಕಾರಿ ಬೀಳು, ಗೋಮಾಳ, ಖರಾಬು ಎಂದಿದ್ದರೆ ಕಂದಾಯ ಇಲಾಖೆಯ ಕಡೆ ತಿರುಗಬೇಕು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 71ನೇ ಕಲಂ ಪ್ರಕಾರ ಸರ್ಕಾರಿ ಜಾಗವನ್ನು ಸಾರ್ವಜನಿಕ ಉದ್ದೇಶಕ್ಕೆ ಕಾಯ್ದಿರಿಸಲು ಅವಕಾಶ ಇದೆ. ಪಂಚಾಯಿತಿ ಠರಾವು ಮಾಡಿ ತಹಶೀಲ್ದಾರರಿಗೆ ಕಳಿಸಬೇಕು. ಅಲ್ಲಿಂದ ಸರ್ವೆ, ಸ್ಕೆಚ್, ವರದಿ ಎಲ್ಲ ಮುಗಿದು ಜಿಲ್ಲಾಧಿಕಾರಿಯವರೆಗೆ ಕಡತ ಹೋಗಬೇಕು. ಇದಕ್ಕೆ ತಾಳ್ಮೆ ಬೇಕು, ಆದರೆ ಒಮ್ಮೆ ಪಹಣಿಯಲ್ಲಿ ‘ಆಟದ ಮೈದಾನ’ ಎಂದು ಬಿದ್ದರೆ ನಿಮ್ಮ ಮೊಮ್ಮಕ್ಕಳೂ ಅಲ್ಲಿ ಆಡಬಹುದು. ಜಾಗ ಕೈತಪ್ಪಿದ ಊರುಗಳಲ್ಲಿ ಈ ಒಂದು ಸಾಲು ಬರೆಸಿಕೊಂಡವರು ಯಾರೂ ಇರಲಿಲ್ಲ.

ಶಾಲೆಯ ಮೈದಾನವಾದರೆ ಶಾಲೆಯ ಅಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯ ಒಪ್ಪಿಗೆ ಪತ್ರ ಪಡೆಯಿರಿ. ಅದರಲ್ಲಿ ಶಾಲೆ ಬಿಟ್ಟ ಮೇಲಿನ ಸಮಯ, ರಜಾದಿನ, ಗೇಟಿನ ಕೀ ಯಾರ ಹತ್ತಿರ ಇರಬೇಕು ಎಂಬುದನ್ನೂ ಬರೆಸಿ. ನನ್ನ ಅನುಭವದಲ್ಲಿ ಸಣ್ಣ ಊರುಗಳಿಗೆ ಇದೇ ಎಲ್ಲಕ್ಕಿಂತ ಒಳ್ಳೆಯ ದಾರಿ. ಮೈದಾನ ಆಗಲೇ ಇರುತ್ತದೆ, ಹಗಲು ಶಾಲೆಯ ಮಕ್ಕಳಿಗೆ, ಸಂಜೆ ಊರಿಗೆ ಉಪಯೋಗಕ್ಕೆ ಬರುತ್ತದೆ.

ಮಲೆನಾಡಿನ ತಾಲ್ಲೂಕುಗಳಲ್ಲಿ ದೊಡ್ಡ ತೊಡಕು ಅರಣ್ಯ. ಬರೀ ಹುಲ್ಲು ಬೆಳೆದ ಬ್ಯಾಣವೂ ದಾಖಲೆಯಲ್ಲಿ ಅರಣ್ಯವಾಗಿರಬಹುದು. ಅಂಥ ಕಡೆ ಯಾರದೋ ಮಾತು ಕೇಳಿ ಜೆಸಿಬಿ ಇಳಿಸಿದರೆ ಸಂಘದ ಪದಾಧಿಕಾರಿಗಳ ಮೇಲೇ ಕೇಸು ಬೀಳುತ್ತದೆ. ‘ಅರಣ್ಯ ಹಕ್ಕು ಕಾಯ್ದೆಯಲ್ಲಿ ಗ್ರಾಮಸಭೆ ಒಪ್ಪಿದರೆ ಜಾಗ ಸಿಗುತ್ತದಂತೆ’ ಎಂದು ಹೇಳುವವರು ಪ್ರತಿ ಊರಲ್ಲೂ ಇದ್ದಾರೆ. ಅದು ಅರ್ಧ ನಿಜ. 2006ರ ಆ ಕಾಯ್ದೆಯ 3(2) ಕಲಂ ಗ್ರಾಮಸಭೆಯ ಶಿಫಾರಸಿನ ಮೇಲೆ 13 ಬಗೆಯ ಸೌಲಭ್ಯಗಳಿಗೆ ಅರಣ್ಯ ಜಾಗ ಬಳಸಲು ಅವಕಾಶ ಕೊಡುತ್ತದೆ. ಪ್ರತಿ ಸೌಲಭ್ಯಕ್ಕೆ 1 ಹೆಕ್ಟೇರ್‌ಗಿಂತ ಕಡಿಮೆ ಜಾಗ ಇರಬೇಕು, ಹೆಕ್ಟೇರ್‌ಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ. ಆ 13ರಲ್ಲಿ ಶಾಲೆ, ಅಂಗನವಾಡಿ, ರಸ್ತೆ, ಸಮುದಾಯ ಭವನ ಎಲ್ಲ ಇವೆ, ಆಟದ ಮೈದಾನ ಇಲ್ಲ. ಹಾಗಾಗಿ ಕಾಡಂಚಿನ ಊರಿನವರು ಈ ದಾರಿಯಲ್ಲಿ ಭಜನೆಗೆ, ಕೋಲಾಟದ ಅಭ್ಯಾಸಕ್ಕೆ, ಕೇರಂ ಆಡಲು ಆಗುವ ಸಮುದಾಯ ಭವನ ಕೇಳಬಹುದು. ಮೈದಾನಕ್ಕೆ ಬೇರೆ ಜಾಗವನ್ನೇ ನೋಡಬೇಕು.

ಎಷ್ಟು ಜಾಗ ಬೇಕು? ನಾವು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ. ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ, ಸುಮಾರು 101 ಚದರ ಮೀಟರ್. ಪುರುಷರ ಕಬಡ್ಡಿ ಅಂಕಣ 13 ಮೀಟರಿಗೆ 10 ಮೀಟರ್, ಮಹಿಳೆಯರದು 12ಕ್ಕೆ 8. ಅಂದರೆ ಒಂದೂವರೆ ಗುಂಟೆಯೊಳಗೆ ಅಂಕಣ ಮುಗಿಯಿತು. ವಾಲಿಬಾಲ್ ಅಂಕಣ 18ಕ್ಕೆ 9. ಸುತ್ತ 3 ಮೀಟರ್ ಬಿಟ್ಟರೆ 24ಕ್ಕೆ 15, ನಾಲ್ಕು ಗುಂಟೆ ತುಂಬುವುದಿಲ್ಲ. ಖೋಖೋಗೆ 27ಕ್ಕೆ 16, ಸುತ್ತಲಿನ ಜಾಗ ಸೇರಿ ಆರು ಗುಂಟೆ ಇಟ್ಟುಕೊಳ್ಳಿ. ಇಳಿಜಾರೇ ತುಂಬಿದ ನಮ್ಮ ಕಡೆ ‘ಎರಡು ಎಕರೆ ಸ್ಟೇಡಿಯಂ’ ಕೇಳಿದರೆ ಯಾರ ಕೈಲೂ ಆಗುವುದಿಲ್ಲ. ‘ಐದು ಗುಂಟೆ ಮಟ್ಟ ಮಾಡಿಕೊಡಿ’ ಎಂದರೆ ಮುಂದಿನ ಬೇಸಿಗೆಗೆ ಆಟ ಶುರು ಮಾಡಬಹುದು.

ಎರಡನೇ ಹೆಜ್ಜೆ: ಸಂಘವನ್ನು ನೋಂದಾಯಿಸಿ

ಇದು ಕಷ್ಟದ ಕೆಲಸವಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿದರೆ ಸಂಘ ಆಗುತ್ತದೆ. ಬೈಲಾ ಬರೆಯುವಾಗ ಉದ್ದೇಶಗಳಲ್ಲಿ ಕ್ರೀಡೆ, ಜಾನಪದ ಕಲೆ, ಗ್ರಂಥಾಲಯ, ಪರಿಸರ ಎಲ್ಲವನ್ನೂ ಸೇರಿಸಿ. ಬರೀ ‘ಕ್ರಿಕೆಟ್ ಕ್ಲಬ್’ ಎಂದು ಬರೆಸಿಕೊಂಡವರು ನಾಳೆ ಸುಗ್ಗಿ ಕುಣಿತದ ವೇಷಭೂಷಣಕ್ಕೆ ಅರ್ಜಿ ಹಾಕಲು ಆಗುವುದಿಲ್ಲ. ಸಂಘದ ಹೆಸರಲ್ಲೇ ಬ್ಯಾಂಕ್ ಖಾತೆ ತೆರೆಯಿರಿ, ಪ್ಯಾನ್ ಮಾಡಿಸಿ. ಪ್ರತಿ ವರ್ಷ ಸರ್ವಸದಸ್ಯರ ಸಭೆ ಕರೆದು ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ಸಲ್ಲಿಸಿ. ಇದನ್ನು ಎರಡು ಮೂರು ವರ್ಷ ಬಿಟ್ಟವರು ಅನುದಾನದ ಹೊತ್ತಿಗೆ ಒಟ್ಟಿಗೆ ದಂಡ ಕಟ್ಟಿ ಓಡಾಡುವುದನ್ನು ನೋಡಿದ್ದೇನೆ.

ಪದಾಧಿಕಾರಿಗಳಲ್ಲಿ ಕನಿಷ್ಠ ಮೂರು ಜನ ಹೆಣ್ಣುಮಕ್ಕಳಿರಲಿ. ಇದನ್ನು ನೀವು ತೋರಿಕೆಗೆ ಮಾಡಬಾರದು. ಕಾರಣ ಮುಂದೆ ಬರುತ್ತದೆ.

ಮೂರನೇ ಹೆಜ್ಜೆ: ಸರಿಯಾದ ಹೊತ್ತಿಗೆ ಕೇಳಿ

ನಮ್ಮ ಜಿಲ್ಲೆಯ ಜನರಿಗೆ ಕಾಫಿಯ ಕ್ಯಾಲೆಂಡರ್ ಬಾಯಿಪಾಠ. ನವೆಂಬರ್‌ನಿಂದ ಫೆಬ್ರವರಿವರೆಗೆ ಕೊಯ್ಲು, ಆಮೇಲೆ ಹೂಮಳೆಗೆ ಕಾಯುವುದು, ಜೂನ್ ಬಂತೆಂದರೆ ಮಳೆ. ಪಂಚಾಯಿತಿಯ ಕ್ಯಾಲೆಂಡರ್ ಇದಕ್ಕೆ ಸರಿಯಾಗಿ ತಿರುಗುಮುರುಗು. ನಾವು ಕೊಯ್ಲಿನಲ್ಲಿ ಮುಳುಗಿದ ತಿಂಗಳುಗಳಲ್ಲೇ ಮುಂದಿನ ವರ್ಷದ ಕೆಲಸಗಳ ಪಟ್ಟಿ ತಯಾರಾಗಿ, ಏಪ್ರಿಲ್‌ಗೆ ಹೊಸ ಆರ್ಥಿಕ ವರ್ಷ ಶುರುವಾಗುವ ಮೊದಲು ಬಜೆಟ್ ಮಂಜೂರಾಗಬೇಕು. ನಾವು ಮಾರ್ಚ್‌ನಲ್ಲಿ ಕೈ ಖಾಲಿಯಾಗಿ ‘ಈಗ ಮೈದಾನದ ವಿಷಯ ನೋಡೋಣ’ ಎಂದು ಹೊರಡುವಾಗ ಪಟ್ಟಿ ಮುಗಿದಿರುತ್ತದೆ. ನಮ್ಮ ಕಡೆಯ ಎಷ್ಟೋ ಬೇಡಿಕೆಗಳು ವರ್ಷ ವರ್ಷ ಮುಂದಕ್ಕೆ ಹೋಗಿದ್ದು ಈ ಒಂದೇ ಕಾರಣಕ್ಕೆ.

ಆದ್ದರಿಂದ ಅರ್ಜಿ ಮಳೆಗಾಲದಲ್ಲೇ ಸಿದ್ಧವಾಗಲಿ. ಆಟ ಇಲ್ಲ, ಕೊಯ್ಲೂ ಇಲ್ಲ, ಬರೆಯಲು ಅದೇ ಸಮಯ.

ಬೇಡಿಕೆ ಮೊದಲು ಹೋಗಬೇಕಾದದ್ದು ನಿಮ್ಮ ವಾರ್ಡ್ ಸಭೆಗೆ. ಅಲ್ಲಿ ಆದ್ಯತೆ ಸಿಕ್ಕಿದ್ದು ಗ್ರಾಮಸಭೆಗೆ ಹೋಗುತ್ತದೆ, ಗ್ರಾಮಸಭೆ ಒಪ್ಪಿದ್ದು ಕ್ರಿಯಾ ಯೋಜನೆಗೆ ಸೇರುತ್ತದೆ. ನೇರ ಅಧ್ಯಕ್ಷರ ಮನೆಗೆ ಹೋಗುವವರು ಈ ಮೆಟ್ಟಿಲನ್ನೇ ಬಿಟ್ಟುಬಿಡುತ್ತಾರೆ. ವಾರ್ಡ್ ಸಭೆಗೆ ಹದಿನೈದು ಜನ ಬರುವ ಊರಲ್ಲಿ ನೀವು ಇಪ್ಪತ್ತು ಜನರನ್ನು ಕರೆದುಕೊಂಡು ಹೋದರೆ ನಿಮ್ಮ ಮಾತು ಕೇಳದೆ ವಿಧಿಯಿಲ್ಲ. ಆ ಇಪ್ಪತ್ತರಲ್ಲಿ ಅಮ್ಮಂದಿರು ಇರಲಿ. ಮಗ ಮೊಬೈಲ್ ಬಿಟ್ಟು ಮೈದಾನಕ್ಕೆ ಹೋಗಲಿ ಎಂದು ಒಬ್ಬ ತಾಯಿ ಎದ್ದು ನಿಂತು ಹೇಳಿದ ಮಾತಿಗೆ ನಮ್ಮ ಸಭೆಯಲ್ಲಿ ಎದುರು ಮಾತೇ ಬರಲಿಲ್ಲ.

ಸಭೆ ಮುಗಿಯಿತೆಂದು ಎದ್ದು ಬರಬೇಡಿ. ನಡಾವಳಿ ಪುಸ್ತಕದಲ್ಲಿ ಬರೆದದ್ದನ್ನು ಓದಿ ಹೇಳಲು ವಿನಯದಿಂದ ಕೇಳಿ. ನಾವು ಕೇಳಿದಾಗ ಅಲ್ಲಿ ‘ಕ್ರೀಡೆಗೆ ಪ್ರೋತ್ಸಾಹ ನೀಡಲು ಚರ್ಚಿಸಲಾಯಿತು’ ಎಂದಷ್ಟೇ ಇತ್ತು. ‘ಚರ್ಚಿಸಲಾಯಿತು’ ಎಂಬ ಶಬ್ದದಿಂದ ಯಾವ ಕೆಲಸವೂ ಆಗುವುದಿಲ್ಲ. ‘ಸರ್ವೆ ನಂಬರ್ ಇಂತಿಷ್ಟರಲ್ಲಿ ಮೈದಾನ ಸಮತಟ್ಟು ಮಾಡುವ ಕಾಮಗಾರಿಯನ್ನು ಮುಂದಿನ ಸಾಲಿನ ಕ್ರಿಯಾ ಯೋಜನೆಯಲ್ಲಿ ಸೇರಿಸಲು ತೀರ್ಮಾನಿಸಲಾಯಿತು’ ಎಂದು ಬರೆಸಿದೆವು. ಐದು ನಿಮಿಷದ ಕೆಲಸ. ಮುಂದಿನ ಎಲ್ಲ ಕಚೇರಿಯಲ್ಲೂ ನಮ್ಮ ಕೈ ಹಿಡಿದದ್ದು ಆ ಒಂದು ಸಾಲು.

ಚುನಾಯಿತ ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿ ಇದ್ದರೂ ಕೆಲಸ ನಿಲ್ಲುವುದಿಲ್ಲ, ಅರ್ಜಿ ಅವರ ಹೆಸರಿಗೆ ಹೋಗುತ್ತದೆ. ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಲ್ಲಿ 2016ರಲ್ಲಿ ಗೆದ್ದವರ ಅವಧಿ 2021ಕ್ಕೇ ಮುಗಿದ ಮೇಲೆ ನಾವು ತಾಲ್ಲೂಕಿನ ಕಾರ್ಯನಿರ್ವಾಹಕ ಅಧಿಕಾರಿ (ಇಒ), ಜಿಲ್ಲೆಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ (ಸಿಇಒ) ಅವರಿಗೇ ಬರೆಯುವುದನ್ನು ರೂಢಿ ಮಾಡಿಕೊಂಡೆವು.

ನಾಲ್ಕನೇ ಹೆಜ್ಜೆ: ಅರ್ಜಿ ಹೀಗೆ ಬರೆಯಿರಿ

ಒಂದು ಪುಟ ಸಾಕು. ವಿಷಯದ ಸಾಲಿನಲ್ಲೇ ಕೆಲಸ ಏನೆಂದು ಕಾಣಬೇಕು. ಮಾದರಿ:

‘ವಿಷಯ: ನಮ್ಮ ಗ್ರಾಮದ ಸರ್ವೆ ನಂಬರ್ ____ ರಲ್ಲಿನ ಸರ್ಕಾರಿ ಜಾಗದ ಪೈಕಿ 5 ಗುಂಟೆಯನ್ನು ಸಮತಟ್ಟು ಮಾಡಿ, ಮಳೆನೀರು ಹರಿದುಹೋಗಲು ಎರಡು ಬದಿ ಚರಂಡಿ ತೆಗೆದು, ವಾಲಿಬಾಲ್ ಅಂಕಣಕ್ಕೆ ಎರಡು ಕಬ್ಬಿಣದ ಕಂಬ ನೆಟ್ಟುಕೊಡುವ ಬಗ್ಗೆ.

ಉಲ್ಲೇಖ: ದಿನಾಂಕ ____ ರ ವಾರ್ಡ್ ಸಭೆಯ ನಡಾವಳಿ.’

ಇದರ ಕೆಳಗೆ ಮೂರು ಮಾತು. ಊರಲ್ಲಿ ಆಡುವ ವಯಸ್ಸಿನ ಎಷ್ಟು ಹುಡುಗರು, ಎಷ್ಟು ಹುಡುಗಿಯರಿದ್ದಾರೆ, ಮನೆ ಮನೆಗೆ ಹೋಗಿ ಎಣಿಸಿದ್ದು. ಈಗ ಎಲ್ಲಿ ಆಡುತ್ತಿದ್ದಾರೆ, ಅದರಿಂದ ಏನು ತೊಂದರೆ. ಕಾಮಗಾರಿ ಆದ ಮೇಲೆ ನಿರ್ವಹಣೆಯನ್ನು ಸಂಘ ಹೇಗೆ ನೋಡಿಕೊಳ್ಳುತ್ತದೆ. ಮೂರನೆಯದನ್ನು ಯಾರೂ ಬರೆಯುವುದಿಲ್ಲ, ಆದರೆ ಅಧಿಕಾರಿಗಳು ಮೊದಲು ಯೋಚಿಸುವುದೇ ಅದನ್ನು. ಪೊದೆ ಬೆಳೆದು ಹಾಳಾದ ಮೈದಾನಗಳನ್ನು ಅವರು ಸಾಕಷ್ಟು ನೋಡಿರುತ್ತಾರೆ.

ಜೊತೆಗೆ ಪಹಣಿ, ಕೈಯಲ್ಲೇ ಬರೆದ ಒಂದು ನಕ್ಷೆ, ಎರಡು ಫೋಟೊ, ಸಂಘದ ನೋಂದಣಿ ಪತ್ರದ ಪ್ರತಿ ಇಡಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಇನ್‌ವರ್ಡ್ ನಂಬರ್, ದಿನಾಂಕ, ಮೊಹರು ಹಾಕಿಸಿಕೊಂಡೇ ಕಚೇರಿಯ ಮೆಟ್ಟಿಲಿಳಿಯಿರಿ. ಮೊದಲ ಅರ್ಜಿಯಲ್ಲಿ ನಾವು ಕಳೆದುಕೊಂಡ ಒಂದು ವರ್ಷ ಈ ಮೊಹರಿನ ಬೆಲೆ.

ಹಣ ಯಾವ ಬಾಬಿನಿಂದ ಎಂದು ಕೇಳುವ ಮುನ್ನ ಒಂದಿಷ್ಟು ತಿಳಿದಿರಲಿ. ಕೇಂದ್ರ ಹಣಕಾಸು ಆಯೋಗದ ಅನುದಾನದಲ್ಲಿ ದೊಡ್ಡ ಪಾಲು ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲು. 15ನೇ ಆಯೋಗದಲ್ಲಿ ಆ ಪಾಲು ಶೇ 60 ಇತ್ತು. ಆಟಕ್ಕೆ, ಕಲೆಗೆ ಸುಲಭವಾಗಿ ಕೈಗೆಟಕುವುದು ಪಂಚಾಯಿತಿಯ ಸ್ವಂತ ಸಂಪನ್ಮೂಲ, ಅಂದರೆ ಮನೆ ಕಂದಾಯ, ಅಂಗಡಿ ಬಾಡಿಗೆ, ಪರವಾನಗಿ ಶುಲ್ಕ. ರೆಸಾರ್ಟ್, ಹೋಂಸ್ಟೇ ಹೆಚ್ಚಿರುವ ಪಂಚಾಯಿತಿಗಳಿಗೆ ಈ ಆದಾಯ ಹೆಚ್ಚು ಬರುತ್ತದೆ, ಅಲ್ಲಿಯವರು ಧೈರ್ಯವಾಗಿ ಕೇಳಿ. ಉದ್ಯೋಗ ಖಾತರಿ ಕಾಮಗಾರಿಗಳ ಪಟ್ಟಿಯಲ್ಲೂ ಆಟದ ಮೈದಾನಕ್ಕೆ ಜಾಗ ಇದ್ದದ್ದರಿಂದ ರಾಜ್ಯದ ಅನೇಕ ಶಾಲೆಗಳ ಮೈದಾನಗಳು ಹಾಗೇ ಆದವು. ಅಲ್ಲಿ ಗುತ್ತಿಗೆದಾರರಿಗೆ ಅವಕಾಶ ಇರಲಿಲ್ಲ, ಜಾಬ್‌ಕಾರ್ಡ್ ಇರುವ ಊರಿನವರೇ ದುಡಿಯಬೇಕಿತ್ತು.

ನಿಮ್ಮ ಕಂದಾಯದ ರಸೀದಿಯನ್ನೂ ಒಮ್ಮೆ ಬಿಚ್ಚಿ ನೋಡಿ. ಗ್ರಂಥಾಲಯ ಕರ ಎಂದು ಶೇ 6 ಅದರಲ್ಲಿ ಸೇರಿರುತ್ತದೆ, 1965ರ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು. ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದು ಈಗ ‘ಅರಿವು ಕೇಂದ್ರ’ಗಳಾಗಿವೆ. ಚೆಸ್, ಕೇರಂ, ಕಥೆ ಓದುವ ಕಾರ್ಯಕ್ರಮಗಳಿಗೆ ಮಳೆಗಾಲದಲ್ಲಿ ಅದಕ್ಕಿಂತ ಒಳ್ಳೆಯ ಸೂರು ಬೇರೆ ಹುಡುಕಬೇಕಿಲ್ಲ.

ಪಟ್ಟಣದಲ್ಲಿ ಇರುವವರಿಗೆ

ಚಿಕ್ಕಮಗಳೂರಿನಲ್ಲಿ ನಗರಸಭೆ, ಕಡೂರು, ಬೀರೂರು, ತರೀಕೆರೆಯಲ್ಲಿ ಪುರಸಭೆ, ಮೂಡಿಗೆರೆ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಲ್ಲಿ ಪಟ್ಟಣ ಪಂಚಾಯಿತಿ. ಇಲ್ಲಿ ವಾರ್ಡ್ ಸದಸ್ಯರ ಮೂಲಕ ಹೋಗುವುದರ ಜೊತೆಗೆ ಬಜೆಟ್ ಪೂರ್ವಭಾವಿ ಸಭೆಗೆ ತಪ್ಪದೆ ಹೋಗಿ, ಸಾರ್ವಜನಿಕರ ಸಲಹೆ ಕೇಳುವುದು ಅಲ್ಲೇ. ಬಡಾವಣೆ ಮಾಡಿದಾಗ ಉದ್ಯಾನಕ್ಕೆಂದು ಬಿಟ್ಟ ಜಾಗ ಎಲ್ಲೆಲ್ಲಿದೆ, ಅದು ನಗರಸಭೆಯ ಹೆಸರಿಗೆ ಬಂದಿದೆಯೇ ಎಂದು ನಕ್ಷೆ ಕೇಳಿ ನೋಡಿ. ಉದ್ಯಾನ, ಮೈದಾನ, ಬಯಲು ಜಾಗಗಳನ್ನು ಕಾಪಾಡಲೆಂದೇ 1985ರ ರಾಜ್ಯ ಕಾಯ್ದೆಯೊಂದಿದೆ. ಅರ್ಜಿಯಲ್ಲಿ ಅದನ್ನು ಉಲ್ಲೇಖಿಸಿ. ನಗರ ಸ್ಥಳೀಯ ಸಂಸ್ಥೆಗಳಲ್ಲಿ ಪರಿಶಿಷ್ಟರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಎಂದು ತೆಗೆದಿಡುವ ಹಣವೂ ಉಂಟು. ಆ ಸಮುದಾಯಗಳ ಮಕ್ಕಳ ಕ್ರೀಡಾ ಸಾಮಗ್ರಿಗೆ, ತರಬೇತಿಗೆ ಆ ಬಾಬಿನಲ್ಲಿ ಅವಕಾಶ ಇದೆಯೇ ಎಂದು ಪ್ರತ್ಯೇಕವಾಗಿ ವಿಚಾರಿಸಿ.

ಕಲಾ ತಂಡಗಳಿಗೆ

ಕಡೂರಿನ ಕಡೆಯ ವೀರಗಾಸೆ, ತರೀಕೆರೆಯ ಡೊಳ್ಳು, ಮೂಡಿಗೆರೆಯ ಸುಗ್ಗಿ, ಕೊಪ್ಪ ಶೃಂಗೇರಿಯ ತಾಳಮದ್ದಳೆ, ದೀಪಾವಳಿಯ ರಾತ್ರಿ ದೀಪ ಹಿಡಿದು ಮನೆ ಮನೆಗೆ ಬರುವ ಅಂಟಿಗೆ ಪಂಟಿಗೆ. ಇಷ್ಟೆಲ್ಲ ಇರುವ ಜಿಲ್ಲೆಯಲ್ಲಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಬಾಗಿಲು ತಟ್ಟದ ತಂಡಗಳೇ ಹೆಚ್ಚು. ಹಾಡುವ ಅಜ್ಜನಿಗೆ ನೂರು ಪದ ಬಾಯಲ್ಲಿರುತ್ತದೆ, ಕೈಯಲ್ಲಿ ಒಂದು ಪ್ರಮಾಣಪತ್ರ ಇರುವುದಿಲ್ಲ. ಊರಿನ ಓದಿದ ಹುಡುಗರು ಮಾಡಬೇಕಾದ ಕೆಲಸ ಇಲ್ಲಿದೆ.

ಪ್ರತಿ ಪ್ರದರ್ಶನಕ್ಕೂ ಒಂದು ದಪ್ಪ ನೋಟ್‌ಬುಕ್ ಇಡಿ. ದಿನಾಂಕ, ಊರು, ಆಹ್ವಾನ ಪತ್ರಿಕೆ, ಫೋಟೊ, ಪತ್ರಿಕೆಯಲ್ಲಿ ಬಂದ ತುಣುಕು ಎಲ್ಲವನ್ನೂ ಅಂಟಿಸಿ. ಇಲಾಖೆಯ ಧನಸಹಾಯಕ್ಕೆ ಮಾತ್ರವಲ್ಲ, 58 ವರ್ಷ ದಾಟಿದ ಕಲಾವಿದರ ಮಾಸಾಶನದ ಅರ್ಜಿಗೂ ಇದೇ ಆಧಾರ. ಸಂಘ ಸಂಸ್ಥೆಗಳ ಚಟುವಟಿಕೆಗೆ, ವಾದ್ಯ ಪರಿಕರ ಮತ್ತು ವೇಷಭೂಷಣ ಖರೀದಿಗೆ ಧನಸಹಾಯದ ಅರ್ಜಿ ಕರೆಯುತ್ತಾರೆ, ಪರಿಶಿಷ್ಟ ಜಾತಿ, ಪಂಗಡದ ತಂಡಗಳಿಗೆ ಪ್ರತ್ಯೇಕ ಬಾಬು ಉಂಟು. ಪ್ರಕಟಣೆ ಪತ್ರಿಕೆಯ ಒಳಪುಟದಲ್ಲಿ ಸಣ್ಣದಾಗಿ ಬರುತ್ತದೆ, ಅರ್ಜಿಯನ್ನು ಸರ್ಕಾರದ ಆನ್‌ಲೈನ್ ತಾಣವಾದ ಸೇವಾ ಸಿಂಧುವಿನಲ್ಲಿ ಹಾಕಬೇಕು, ಕೊನೆಯ ದಿನ ಸರ್ವರ್ ಕೈಕೊಡುತ್ತದೆ ಎಂದೇ ಲೆಕ್ಕ ಹಾಕಿ. ಹಿಂದಿನ ವರ್ಷಗಳ ಲೆಕ್ಕಪರಿಶೋಧನಾ ವರದಿ ಕೇಳುವುದರಿಂದ ಈ ವರ್ಷ ಹುಟ್ಟಿದ ಸಂಘಕ್ಕೆ ಕೂಡಲೇ ಏನೂ ಸಿಗದಿರಬಹುದು. ಬೇಸರಿಸದೆ ನೋಟ್‌ಬುಕ್ ತುಂಬಿಸುತ್ತಾ ಹೋಗಿ.

ಪಂಚಾಯಿತಿಯ ಆಚೆಗೆ

ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯವರನ್ನು ಚಿಕ್ಕಮಗಳೂರಿನ ನೇತಾಜಿ ಸುಭಾಷ್‌ಚಂದ್ರ ಬೋಸ್ ಜಿಲ್ಲಾ ಆಟದ ಮೈದಾನಕ್ಕೆ ಹೋದಾಗ ಭೇಟಿ ಮಾಡಿ, ಸಂಘದ ಹೆಸರು, ಫೋನ್ ನಂಬರ್ ಕೊಟ್ಟು ಬನ್ನಿ. ದಸರಾ ಕ್ರೀಡಾಕೂಟ ತಾಲ್ಲೂಕಿನಿಂದ ಶುರುವಾಗಿ ಜಿಲ್ಲೆ, ವಿಭಾಗ ದಾಟಿ ಮೈಸೂರಿನವರೆಗೆ ಹೋಗುತ್ತದೆ. ಕ್ರೀಡಾ ವಸತಿ ನಿಲಯಗಳಿಗೆ ಮಕ್ಕಳ ಆಯ್ಕೆಯೂ ಇದೇ ಇಲಾಖೆಯದು. ಕಡೂರಿನ ವೇದಾ ಕೃಷ್ಣಮೂರ್ತಿ 2017ರಲ್ಲಿ ಲಾರ್ಡ್ಸ್‌ನಲ್ಲಿ ವಿಶ್ವಕಪ್ ಫೈನಲ್ ಆಡಿದಾಗ ಇಡೀ ಜಿಲ್ಲೆ ಟಿವಿ ಮುಂದೆ ಕೂತಿತ್ತು. ಅಂಥ ಮಗು ನಿಮ್ಮ ಊರಲ್ಲೂ ಇರಬಹುದು, ಆಯ್ಕೆಯ ದಿನ ಯಾವಾಗ ಎಂದು ಅವಳ ಮನೆಗೆ ಹೇಳುವವರು ಬೇಕು.

ಶಾಸಕರ, ಸಂಸದರ ಪ್ರದೇಶಾಭಿವೃದ್ಧಿ ನಿಧಿಯಿಂದ ರಂಗಮಂದಿರ, ಆವರಣ ಗೋಡೆಯಂಥ ಬಾಳಿಕೆ ಬರುವ ಕಾಮಗಾರಿ ಕೇಳಬಹುದು, ಟೂರ್ನಿಯ ಖರ್ಚಿಗೆ ಅಲ್ಲ. ಕಡೂರು ವಿಧಾನಸಭಾ ಕ್ಷೇತ್ರದವರು ನೆನಪಿಡಿ, ನಿಮ್ಮ ಲೋಕಸಭಾ ಕ್ಷೇತ್ರ ಹಾಸನ. ಉಳಿದವರದು ಉಡುಪಿ ಚಿಕ್ಕಮಗಳೂರು.

ಪಂದ್ಯದ ದಿನಕ್ಕೆ

ಹೊನಲು ಬೆಳಕಿನ ಕಬಡ್ಡಿ ಇಟ್ಟರೆ ಪೊಲೀಸ್ ಠಾಣೆಯ ಅನುಮತಿ, ಪಂಚಾಯಿತಿಯ ನಿರಾಕ್ಷೇಪಣಾ ಪತ್ರ, ಮೆಸ್ಕಾಂನಿಂದ ತಾತ್ಕಾಲಿಕ ವಿದ್ಯುತ್ ಸಂಪರ್ಕ ಬೇಕು. ಕಂಬಕ್ಕೆ ಕೊಕ್ಕೆ ಹಾಕಬೇಡಿ. ಇಬ್ಬನಿ ಬಿದ್ದ ನೆಲದಲ್ಲಿ ಬರಿಗಾಲಲ್ಲಿ ಆಡುವ ಹುಡುಗರ ಜೀವದ ಪ್ರಶ್ನೆ ಅದು. 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೈಕ್ ನಿಷೇಧ. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಿಗೆ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ಸಡಿಲಿಸಬಹುದು ಅಷ್ಟೇ. ಅಡಿಕೆ ದಬ್ಬೆಯ ಗ್ಯಾಲರಿ ಕಟ್ಟುವುದಾದರೆ ಎಷ್ಟು ಜನ ಹತ್ತಬೇಕೆಂದು ಮೊದಲೇ ನಿಗದಿ ಮಾಡಿ, ಇಬ್ಬರನ್ನು ಅಲ್ಲೇ ಕಾವಲು ನಿಲ್ಲಿಸಿ. ಕೆಸರುಗದ್ದೆ ಆಟವಾದರೆ ನಾಟಿಗೆ ಮೊದಲು ಗದ್ದೆಯವರ ಒಪ್ಪಿಗೆ ಪಡೆದು, ಹಿಂದಿನ ದಿನ ಹತ್ತು ಜನ ಸಾಲಾಗಿ ನಡೆದು ಗಾಜು, ಕಲ್ಲು ಹೆಕ್ಕಿ.

ಉತ್ತರ ಬಾರದಿದ್ದರೆ

ಎರಡು ತಿಂಗಳು ಕಾದು ಒಂದು ನೆನಪೋಲೆ. ಆಮೇಲೂ ಮೌನವಾದರೆ ಮಾಹಿತಿ ಹಕ್ಕಿನಡಿ ₹10 ಶುಲ್ಕ ಕಟ್ಟಿ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಶಬ್ದದ ಮಿತಿ. ‘ಯಾಕೆ ಮಾಡಿಲ್ಲ’ ಎಂದು ಕೇಳಬೇಡಿ, ‘ಇನ್‌ವರ್ಡ್ ನಂಬರ್ ಇಂತಿಷ್ಟರ ಅರ್ಜಿಯ ಮೇಲೆ ಕೈಗೊಂಡ ಕ್ರಮದ ಪ್ರತಿ, ಈ ಸಾಲಿನ ಕ್ರಿಯಾ ಯೋಜನೆಯ ಪ್ರತಿ ಕೊಡಿ’ ಎಂದು ಕೇಳಿ. ಜಗಳದ ದನಿ ಬೇಡ. ಪಿಡಿಒ, ಬಿಲ್ ಕಲೆಕ್ಟರ್, ವಾಟರ್‌ಮ್ಯಾನ್ ಇವರೆಲ್ಲ ಮುಂದಿನ ಹತ್ತು ವರ್ಷವೂ ನಮಗೆ ಬೇಕಾದವರು.

ಮೈದಾನ ಆದ ಮೇಲೆ

ಕಾಮಗಾರಿ ನಡೆಯುವಾಗ ಅಂದಾಜು ಪಟ್ಟಿ ಕೈಯಲ್ಲಿಟ್ಟುಕೊಂಡು ಇಬ್ಬರು ಅಲ್ಲೇ ಇರಿ. ನಮ್ಮ ಕಡೆ ಮೈದಾನ ಉಳಿಯುವುದೂ ಅಳಿಯುವುದೂ ಚರಂಡಿಯ ಮೇಲೆ. ಚರಂಡಿ ಬಿಟ್ಟು ಮಟ್ಟ ಮಾಡಿದ ನೆಲವನ್ನು ಜುಲೈ ತಿಂಗಳ ಒಂದೇ ವಾರದ ಮಳೆ ಕೊರೆದುಕೊಂಡು ಹೋಗುತ್ತದೆ. ಸಾಮಗ್ರಿಗೆ ಹಣ ಬಂದಿದ್ದರೆ ಬಿಲ್, ದಾಸ್ತಾನು ಪುಸ್ತಕ, ಬಳಕೆ ಪ್ರಮಾಣಪತ್ರ ಸಮಯಕ್ಕೆ ಕೊಡಿ, ಮುಂದಿನ ಅನುದಾನ ಅದರ ಮೇಲೆ ನಿಂತಿದೆ.

ಹೆಣ್ಣುಮಕ್ಕಳ ವಿಷಯಕ್ಕೆ ಬರುತ್ತೇನೆ ಎಂದಿದ್ದೆ. ನಮ್ಮ ಮೈದಾನ ಆದ ಮೊದಲ ಆರು ತಿಂಗಳು ಒಬ್ಬ ಹುಡುಗಿಯೂ ಬರಲಿಲ್ಲ. ಯಾರೂ ಬೇಡ ಎಂದಿರಲಿಲ್ಲ, ಆದರೆ ಸಂಜೆ ಐದಕ್ಕೇ ಹುಡುಗರು ತುಂಬಿಕೊಂಡಿರುತ್ತಿದ್ದರು. ಪದಾಧಿಕಾರಿಯಾಗಿದ್ದ ಹೆಣ್ಣುಮಗಳೊಬ್ಬಳು ಸಭೆಯಲ್ಲಿ ಇದನ್ನು ಎತ್ತಿದ ಮೇಲೆ ಸೋಮವಾರ, ಬುಧವಾರ, ಶನಿವಾರ ನಾಲ್ಕೂವರೆಯಿಂದ ಆರು ಹುಡುಗಿಯರ ಸಮಯ ಎಂದು ತೀರ್ಮಾನಿಸಿ, ಪಂಚಾಯಿತಿಯಿಂದಲೇ ಠರಾವು ಮಾಡಿಸಿ, ಕಂಬದ ಪಕ್ಕ ಹಲಗೆಯ ಮೇಲೆ ಬರೆಸಿದೆವು. ನೆಟ್ಟಿನ ಎತ್ತರ ಆ ದಿನ 2.43 ಮೀಟರ್‌ನಿಂದ 2.24ಕ್ಕೆ ಇಳಿಯಬೇಕು. ಅದಕ್ಕೆ ಕಂಬದಲ್ಲಿ ಎರಡನೇ ಕೊಕ್ಕೆ ಬೆಸುಗೆ ಹಾಕಿಸಿದ್ದೇವೆ. ನೀವು ಅಂದಾಜು ಪಟ್ಟಿ ಮಾಡಿಸುವಾಗಲೇ ಆ ಎರಡನೇ ಕೊಕ್ಕೆ ಬರೆಸಿಬಿಡಿ.

ಮೇ ಕೊನೆಯ ಭಾನುವಾರ ನೆಟ್ ಬಿಚ್ಚಿ ಒಣಗಿಸಿ ಅರಿವು ಕೇಂದ್ರದ ಬೀರುವಿನಲ್ಲಿಡಿ, ಕಂಬಕ್ಕೆ ತುಕ್ಕು ಹಿಡಿಯದ ಬಣ್ಣ ಬಳಿಯಿರಿ, ಚರಂಡಿಯ ಸೊಪ್ಪು ತೆಗೆಯಿರಿ. ಅದೇ ದಿನ ಎಲ್ಲರೂ ಕೂತು ಮುಂದಿನ ಸಾಲಿಗೆ ಕೇಳಬೇಕಾದ ಕೆಲಸವನ್ನೂ ಬರೆದುಕೊಳ್ಳಿ. ನಮ್ಮ ಪಟ್ಟಿಯಲ್ಲಿ ಈ ಸಲ ಮೊದಲನೆಯದು ಮೈದಾನದ ಪಕ್ಕ ಹುಡುಗಿಯರಿಗೊಂದು ಶೌಚಾಲಯ.